ಅಥಣಿಯ ಚಪ್ಪಲಿ ಮಿಲಾನಿನಲ್ಲಿ

2025ರ ಜೂನ್ 22ರಂದು ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿ ಮುಂದಿನ ಬೇಸಿಗೆಗೆಂದು ತಯಾರಿಸಿದ ಗಂಡಸರ ಉಡುಪುಗಳ ಸಂಗ್ರಹವನ್ನು ರ‍್ಯಾಂಪಿನ ಮೇಲೆ ತಂದಿತು. ಅಲ್ಲಿ ಕುಳಿತಿದ್ದವರು ಬಟ್ಟೆಗಳನ್ನು ನೋಡಿದರು. ಆ ಚಿತ್ರಗಳು ನಮ್ಮ ದೇಶಕ್ಕೆ ಬಂದು ತಲುಪಿದಾಗ ಇಲ್ಲಿಯ ಜನ ಮೊದಲು ನೋಡಿದ್ದು ಕಾಲುಗಳನ್ನು. ಹೆಬ್ಬೆರಳನ್ನು ಹಿಡಿಯುವ ತೊಗಲಿನ ಉಂಗುರ, ಪಾದದ ಮೇಲೆ ಹಾದುಹೋಗುವ ಪಟ್ಟಿ, ಚಪ್ಪಟೆ ತಳ, ಹದ ಮಾಡಿದ ಚರ್ಮದ ಕಂದು ಬಣ್ಣ. ಬೆಳಗಾವಿ ಜಿಲ್ಲೆಯ ಯಾವ ಸಂತೆಯಲ್ಲಿ ತೋರಿಸಿದರೂ ಅದರ ಹೆಸರನ್ನು ಮಕ್ಕಳೂ ಹೇಳುತ್ತಾರೆ. ಪ್ರಾಡಾದ ವಿವರಣೆಯಲ್ಲಿ ಮಾತ್ರ ಅದು ಬರೀ 'ಚರ್ಮದ ಸ್ಯಾಂಡಲ್' ಆಗಿತ್ತು. ಕೊಲ್ಹಾಪುರದ ಹೆಸರಿರಲಿಲ್ಲ. ಅಥಣಿಯ ಹೆಸರಂತೂ ಇರಲೇ ಇಲ್ಲ.

ಗದ್ದಲವೆದ್ದಿತು. ಮಹಾರಾಷ್ಟ್ರದ ವಾಣಿಜ್ಯ ಮಂಡಳಿ ಕಂಪನಿಗೆ ಪತ್ರ ಬರೆಯಿತು. ಪ್ರಾಡಾ ಮನೆತನದವರೂ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಮುಖ್ಯಸ್ಥರೂ ಆದ ಲೊರೆಂಜೊ ಬರ್ಟೆಲ್ಲಿ ಉತ್ತರ ಬರೆದು, ಶತಮಾನಗಳ ಪರಂಪರೆಯುಳ್ಳ ಭಾರತದ ಕೈಕಸುಬಿನ ಚಪ್ಪಲಿಯೇ ತಮಗೆ ಪ್ರೇರಣೆ ಎಂದು ಒಪ್ಪಿಕೊಂಡರು. ಜುಲೈಯಲ್ಲಿ ಕಂಪನಿಯ ತಂಡ ಕೊಲ್ಹಾಪುರಕ್ಕೆ ಬಂದು ಕುಶಲಕರ್ಮಿಗಳನ್ನು ಕಂಡು ಹೋಯಿತು. ಡಿಸೆಂಬರ್ 11ರಂದು ಮುಂಬೈಯಲ್ಲಿ ಪ್ರಾಡಾ, ಮಹಾರಾಷ್ಟ್ರದ ಲಿಡ್ಕಾಂ ಮತ್ತು ನಮ್ಮ ಕರ್ನಾಟಕದ ಲಿಡ್ಕರ್ ನಿಗಮಗಳ ನಡುವೆ ಒಪ್ಪಂದವೇ ಆಯಿತು. ಎರಡೂ ರಾಜ್ಯಗಳಲ್ಲಿ 2,000 ಜೊತೆ ಚಪ್ಪಲಿ ಮಾಡಿಸಿ, ಜೊತೆಗೆ ಸುಮಾರು 800 ಯೂರೋ ಬೆಲೆಗೆ, 2026ರ ಫೆಬ್ರವರಿಯಿಂದ ಜಗತ್ತಿನ 40 ಅಂಗಡಿಗಳಲ್ಲಿ ಮಾರುವುದಾಗಿ ಕಂಪನಿ ಘೋಷಿಸಿತು. ನಮ್ಮ ಲೆಕ್ಕದಲ್ಲಿ ಒಂದು ಜೊತೆಗೆ ಸುಮಾರು 84 ಸಾವಿರ ರೂಪಾಯಿ.

ಹೀಗೆ ಆರು ತಿಂಗಳೊಳಗೆ ದೂರು ಒಪ್ಪಂದವಾಗಿ ಮಾರ್ಪಟ್ಟಿತು. ಪತ್ರಿಕೆಗಳು ಇದನ್ನು ಗೆಲುವೆಂದು ಬರೆದವು. ಗೆಲುವೋ ಅಲ್ಲವೋ ಎಂಬುದನ್ನು ಹೇಳುವ ಮೊದಲು ಒಂದು ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕು. ಒಬ್ಬ ವಿನ್ಯಾಸಕಾರರ ಸಂಗ್ರಹವನ್ನು ಯಾವ ಮಾನದಂಡದಿಂದ ಅಳೆಯಬೇಕು? ರ‍್ಯಾಂಪಿನ ಪ್ರದರ್ಶನ ಹತ್ತು ಹದಿನೈದು ನಿಮಿಷಗಳಲ್ಲಿ ಮುಗಿಯುತ್ತದೆ. ಚಪ್ಪಾಳೆಯೂ ಅಷ್ಟರಲ್ಲೇ ಮುಗಿಯುತ್ತದೆ. ಆ ಬಳಿಕ ಉಳಿಯುವುದೇನು, ಯಾರ ಪಾಲಿಗೆ ಉಳಿಯುತ್ತದೆ ಎಂಬುದು ಚರಿತ್ರೆಯ ಪ್ರಶ್ನೆ. ಜೋಗುಪಾಳ್ಯದಲ್ಲಿ ಕುಳಿತು ಇದನ್ನು ಬರೆಯುತ್ತಿರುವ ನಮಗೆ ಈ ಪ್ರಶ್ನೆ ದೂರದ್ದೇನಲ್ಲ. ಇಲ್ಲಿಂದ ಇಂದಿರಾನಗರದ 100 ಅಡಿ ರಸ್ತೆಗೆ ನಡೆದೇ ಹೋಗಬಹುದು. ಅಲ್ಲಿಯ ಗಾಜಿನ ಅಂಗಡಿಗಳಲ್ಲಿ ವಿನ್ಯಾಸಕಾರರ ಹೆಸರು ದೊಡ್ಡದಾಗಿ ಬರೆದಿರುತ್ತದೆ. ಹೊಲಿದವರ ಹೆಸರು ಎಲ್ಲೂ ಇರುವುದಿಲ್ಲ.

ಪ್ರಾಡಾ ಮನೆಯ ಕಥೆ

ಮೊದಲು ವಿನ್ಯಾಸಕಿಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ಪ್ರಾಡಾ ಮನೆಯೂ ಮೂಲದಲ್ಲಿ ತೊಗಲಿನ ಮನೆಯೇ. 1913ರಲ್ಲಿ ಮಾರಿಯೋ ಪ್ರಾಡಾ ಎಂಬಾತ ಮಿಲಾನಿನಲ್ಲಿ ಚರ್ಮದ ಪೆಟ್ಟಿಗೆ, ಚೀಲಗಳ ಅಂಗಡಿ ತೆರೆದ. 1919ರಲ್ಲಿ ಇಟಲಿಯ ಅರಮನೆಗೆ ಸಾಮಾನು ಒದಗಿಸುವ ಗೌರವ ಅವನಿಗೆ ಸಿಕ್ಕಿತು. ಅವನ ಮೊಮ್ಮಗಳು ಮಿಯುಚಾ ಪ್ರಾಡಾ. ರಾಜ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು, ಯೌವನದಲ್ಲಿ ಎಡಪಕ್ಷದಲ್ಲಿದ್ದವರು, ಮೂಕಾಭಿನಯ ಕಲಿತವರು. 1970ರ ದಶಕದ ಕೊನೆಯಲ್ಲಿ ಅಜ್ಜನ ಅಂಗಡಿಯ ಹೊಣೆ ಹೊತ್ತರು.

ಆಕೆ ಹೆಸರು ಮಾಡಿದ್ದು ಬಡವಸ್ತುಗಳಿಂದ. 1984ರಲ್ಲಿ ಚರ್ಮದ ಮನೆಯಿಂದ ನೈಲಾನ್ ಚೀಲವೊಂದನ್ನು ಹೊರತಂದರು. ಸಿರಿವಂತರ ಚೀಲವೆಂದರೆ ಮೊಸಳೆ ಚರ್ಮ, ಹೊಳೆಯುವ ಕೊಂಡಿ ಎಂದು ನಂಬಿದ್ದ ಕಾಲವದು. ದಪ್ಪ, ಕಪ್ಪು, ಸೇನೆಯ ಸಾಮಾನಿನಂತೆ ಕಾಣುವ ಆ ಚೀಲವನ್ನು ಮೊದಮೊದಲು ಕೊಳ್ಳುವವರಿರಲಿಲ್ಲ. ಕೆಲವೇ ವರ್ಷಗಳಲ್ಲಿ ಜಗತ್ತೆಲ್ಲ ಅದನ್ನು ನಕಲು ಮಾಡಿತು. 1988ರಲ್ಲಿ ಹೆಂಗಸರ ಉಡುಪಿಗೆ ಕೈಹಾಕಿದರು. 1990ರ ದಶಕದ ಮಧ್ಯದಲ್ಲಿ ಹಳೆಯ ಪರದೆ, ಅಡುಗೆಮನೆಯ ಮೇಜುಬಟ್ಟೆಯಂಥ ಬಣ್ಣಗಳನ್ನು ರ‍್ಯಾಂಪಿಗೆ ತಂದು 'ಕುರೂಪದ ಸೊಗಸು' ಎಂಬ ಹೆಸರು ಪಡೆದರು. ಇವತ್ತು ಇಂದಿರಾನಗರದ ಕಾಲೇಜು ಹುಡುಗಿಯ ಬೆನ್ನಮೇಲಿರುವ ಕಪ್ಪು ನೈಲಾನ್ ಚೀಲಕ್ಕೂ 1984ರ ಆ ಚೀಲಕ್ಕೂ ಸಂಬಂಧವಿದೆ. ಹುಡುಗಿಗೆ ಪ್ರಾಡಾ ಯಾರೆಂದು ಗೊತ್ತಿರಬೇಕಾಗಿಲ್ಲ. ಬಾಳುವ ಪ್ರಭಾವವೆಂದರೆ ಇದು. ಹೆಸರು ಅಳಿಸಿಹೋದ ಮೇಲೂ ಅದು ಬಳಕೆಯಲ್ಲಿ ಉಳಿದಿರುತ್ತದೆ.

2020ರಿಂದ ಬೆಲ್ಜಿಯಂನ ರಾಫ್ ಸಿಮನ್ಸ್ ಆಕೆಯ ಜೊತೆ ಸೇರಿ ವಿನ್ಯಾಸ ಮಾಡತೊಡಗಿದರು. 2025ರ ಜೂನ್ ಸಂಗ್ರಹ ಈ ಇಬ್ಬರದು. ದನಿಯ ಬದಲಾವಣೆ ಎಂಬರ್ಥದ ಹೆಸರು ಅದಕ್ಕಿತ್ತು. ಖಾಲಿ ಸಭಾಂಗಣದ ನೆಲದ ಮೇಲೆ ಹೂವಿನಾಕಾರದ ಕೆಲವು ಚಾಪೆಗಳು. ತೊಡೆಯವರೆಗಿನ ಗಿಡ್ಡ ಚಡ್ಡಿಗಳು, ನಾರಿನ ಟೋಪಿಗಳು, ಕೋಟಿನ ಕೆಳಗೆ ಆಟಗಾರರ ಪೈಜಾಮ. ಗಂಡಸಿನ ಉಡುಪಿನಿಂದ ಅಧಿಕಾರದ ಬಿಗುವನ್ನು ಇಳಿಸುವುದು ಆ ಸಂಗ್ರಹದ ಆಶಯವಾಗಿತ್ತು. ಅಂಥ ಬಟ್ಟೆಗೆ ಮುಚ್ಚಿದ ಬೂಟು ಒಪ್ಪುವುದಿಲ್ಲ. ಹಗುರಾದ, ನೆಲಕ್ಕಂಟಿದ, ಪಾದವನ್ನು ತೆರೆದಿಡುವ ಚಪ್ಪಲಿಯೇ ಬೇಕು. ಆಯ್ಕೆಯಲ್ಲಿ ಕಣ್ಣಿದೆ, ಅದನ್ನು ಅಲ್ಲಗಳೆದರೆ ಅನ್ಯಾಯವಾಗುತ್ತದೆ.

ಆದರೆ ಆಯ್ಕೆ ಬೇರೆ, ಸೃಷ್ಟಿ ಬೇರೆ. ನೈಲಾನ್ ಬಟ್ಟೆಗೆ ಆಕೆ ಹಿಂದೆ ಇಲ್ಲದ ಒಂದು ರೂಪ ಕೊಟ್ಟರು. ಚಪ್ಪಲಿಯ ವಿಷಯದಲ್ಲಿ ರೂಪ ಮೊದಲೇ ಪೂರ್ಣವಾಗಿತ್ತು. ಉಂಗುರ ಎಲ್ಲಿರಬೇಕು, ಪಟ್ಟಿ ಎಷ್ಟು ಅಗಲವಿರಬೇಕು ಎಂಬುದನ್ನು ಅಥಣಿ, ನಿಪ್ಪಾಣಿ, ಕೊಲ್ಹಾಪುರಗಳ ಮನೆಯಂಗಳದಲ್ಲಿ ತಲೆಮಾರುಗಳು ತೀರ್ಮಾನಿಸಿ ಆಗಿತ್ತು. ಇನ್ನೊಂದು ವ್ಯತ್ಯಾಸವೂ ಇದೆ. ನೈಲಾನಿಗೆ ಜಾತಿಯಿಲ್ಲ, ಅದು ಕಾರ್ಖಾನೆಯಲ್ಲಿ ಹುಟ್ಟಿದ್ದು. ಕೊಲ್ಹಾಪುರಿ ಚಪ್ಪಲಿಗೆ ಅದನ್ನು ಮಾಡಿದವರ ಜಾತಿಯೂ, ಆ ಜಾತಿಯ ಮೇಲೆ ಸಮಾಜ ಹೇರಿದ ಅವಮಾನವೂ ಅಂಟಿಕೊಂಡಿವೆ. ಬಡವಸ್ತುವನ್ನು ಮೇಲೆತ್ತುವ ಪ್ರಾಡಾ ವಿಧಾನ ಇಲ್ಲಿ ಎಡವಿದ್ದು ಈ ಕಾರಣಕ್ಕೆ.

ತೊಗಲಿನ ಕಸುಬು

ಒಂದು ಜೊತೆ ಒಳ್ಳೆಯ ಚಪ್ಪಲಿ ಆಗುವ ಬಗೆಯನ್ನು ತಿಳಿದರೆ ಬೆಲೆಯ ಮಾತು ಅರ್ಥವಾಗುತ್ತದೆ. ಎಮ್ಮೆಯ ಹಸಿ ತೊಗಲನ್ನು ಸುಣ್ಣದಲ್ಲಿ ನೆನೆಹಾಕಿ ಕೂದಲು ತೆಗೆಯಬೇಕು. ಆಮೇಲೆ ಅದನ್ನೇ ಚೀಲದಂತೆ ಹೊಲಿದು, ಜಾಲಿಯ ತೊಗಟೆ, ಅಳಲೆಕಾಯಿಗಳ ರಸವನ್ನು ತುಂಬಿ ತೂಗುಹಾಕಬೇಕು. ರಸ ತೊಗಲಿನೊಳಕ್ಕೆ ಇಳಿದು ಹದವಾಗಲು ವಾರಗಟ್ಟಲೆ ಹಿಡಿಯುತ್ತದೆ. ರಾಸಾಯನಿಕ ಹಾಕಿದರೆ ಬೇಗ ಮುಗಿಯುತ್ತದೆ, ಆದರೆ ಬೇಸಿಗೆಯಲ್ಲಿ ಪಾದವನ್ನು ತಂಪಾಗಿಡುವ ಗುಣ ಬರುವುದಿಲ್ಲ. ಈ ಹದದ ಕೆಲಸ ಢೋರ ಸಮುದಾಯದ್ದು. ಕತ್ತರಿಸಿ ಹೊಲಿಯುವುದು ಸಮಗಾರರದ್ದು. ತಳದ ಪದರಗಳನ್ನು ತೊಗಲಿನ ದಾರದಿಂದಲೇ ಬಿಗಿಯುತ್ತಾರೆ, ಒಂದು ಮೊಳೆಯೂ ಬೇಕಾಗುವುದಿಲ್ಲ. ಗಂಡಸರು ಉಳಿ, ರಂಪಿಗೆ ಹಿಡಿದು ತಳ ಕತ್ತರಿಸಿದರೆ, ಹೆಂಗಸರು ಪಟ್ಟಿಯ ಜಡೆ ಹೆಣೆದು, ಹೊಲಿಗೆ ಹಾಕುತ್ತಾರೆ. ಕಾಪ್ಶಿ, ಪಾಯತಾಣ, ಬಕ್ಕಲನಾಳಿ ಎಂದು ಬಗೆಬಗೆಯ ಹೆಸರುಗಳಿವೆ. ಕೆಲವು ಬಗೆಯ ಚಪ್ಪಲಿಯ ತಳದ ಪದರದಲ್ಲಿ ಬೀಜಗಳನ್ನಿಟ್ಟು ಹೊಲಿಯುತ್ತಾರೆ. ಮೆಟ್ಟಿ ನಡೆದರೆ ಕರಕರ ಸಪ್ಪಳ ಬರುತ್ತದೆ. ಗೌಡರು ಬರುತ್ತಿದ್ದಾರೆಂದು ಊರಿಗೆ ಗೊತ್ತಾಗಬೇಕಲ್ಲ!

ಆ ಸಪ್ಪಳ ಗೌಡರ ಗತ್ತಿಗೆ ಕಾರಣವಾಯಿತು. ಸಪ್ಪಳವನ್ನು ಹೊಲಿದುಕೊಟ್ಟವನು ಮಾತ್ರ ಗೌಡರ ಹೊಸ್ತಿಲ ಹೊರಗೆ ನಿಂತ. ಮಿಲಾನಿನಲ್ಲಿ ಚರ್ಮದ ಅಂಗಡಿಯವನು ಆರು ವರ್ಷದಲ್ಲಿ ಅರಮನೆಯ ಪೂರೈಕೆದಾರನಾದ. ಅದೇ ಕಾಲದಲ್ಲಿ ನಮ್ಮಲ್ಲಿ ತೊಗಲು ಮುಟ್ಟಿದವನಿಗೆ ಊರ ಬಾವಿಯ ನೀರು ಸಿಗುತ್ತಿರಲಿಲ್ಲ. ಎರಡೂ ಕಡೆ ಅದೇ ತೊಗಲು, ಅದೇ ಸೂಜಿ. ಈ ಅಂತರವನ್ನು ಪ್ರಾಡಾ ನಿರ್ಮಿಸಲಿಲ್ಲ. ನಾವೇ ನಿರ್ಮಿಸಿಕೊಂಡದ್ದು.

ಕಲ್ಯಾಣದ ಚಮ್ಮಾವುಗೆ

ಕನ್ನಡ ನಾಡಿನ ಅತ್ಯಂತ ದೊಡ್ಡ ಸಾಮಾಜಿಕ ಸಂಘರ್ಷದ ಕಥೆಯಲ್ಲಿ ಒಂದು ಜೊತೆ ಚಪ್ಪಲಿ ಇದೆ ಎಂಬುದನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಬಸವಣ್ಣನವರಿಗೆ ಶರಣು ಎಂದನಂತೆ. ಅವರು ಶರಣು ಶರಣಾರ್ಥಿ ಎಂದು ಮರುನುಡಿದರಂತೆ. ತಾನು ಕೊಟ್ಟದ್ದು ಒಂದು ಶರಣು, ಪಡೆದದ್ದು ಎರಡು. ಆ ಋಣದ ಭಾರ ಇಳಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಹೊಲಿದು ತಂದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡರು. ಶರಣ ಪರಂಪರೆ ಹೇಳುತ್ತ ಬಂದಿರುವ ಕಥೆಯಿದು. ಮುಂದೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು, ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು, ಕಲ್ಯಾಣ ಹೊತ್ತಿ ಉರಿಯಿತು. 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆಯೂ ಮುಗಿಯಿತು. ಗಿರೀಶ ಕಾರ್ನಾಡರು 1990ರ 'ತಲೆದಂಡ'ದಲ್ಲಿ ನಾಟಕವಾಗಿಸಿದ್ದು ಇದೇ ಕಥೆಯನ್ನು.

ಕಥೆಗಾರರಾಗಿ ನಮಗೆ ಇಲ್ಲಿ ಮುಖ್ಯವೆನಿಸುವುದು ಚಪ್ಪಲಿಯ ಪವಾಡವಲ್ಲ, ಅದರ ಲೆಕ್ಕ. ಹರಳಯ್ಯ ಋಣವನ್ನು ಲೆಕ್ಕ ಹಾಕಿದ, ಹೆಚ್ಚಿಗೆ ಪಡೆದೆನೆಂದು ನೊಂದ. ಫ್ಯಾಷನ್ ಲೋಕದಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಹೆಚ್ಚು ಪಡೆದವರು ಒಂದು ಶರಣನ್ನೂ ಹಿಂದಿರುಗಿಸುವುದಿಲ್ಲ, ಯಾರಾದರೂ ಗದ್ದಲ ಮಾಡುವ ತನಕ. ಪ್ರಾಡಾ ಪ್ರದರ್ಶನವಾಗಿ ಐದು ದಿನಗಳ ನಂತರ ಪ್ಯಾರಿಸ್ಸಿನಲ್ಲಿ ಡಿಯೋರ್ ಕಂಪನಿಯ ರ‍್ಯಾಂಪಿನಲ್ಲಿ ಲಖನೌದ ಮುಕೈಶ್ ಕಸೂತಿಯ ಕೋಟು ಬಂತು. ತಂತಿಯ ಚೂರುಗಳನ್ನು ಬಟ್ಟೆಗೆ ಕೈಯಿಂದ ಬಿಗಿಯುವ ಆ ಹುನರ್ ಲಖನೌದ ಹಳೆಯ ಗಲ್ಲಿಗಳ ಕಾರೀಗರರದು. ಅಲ್ಲಿಯೂ ಊರಿನ ಹೆಸರು ಹೇಳಲಿಲ್ಲವೆಂಬ ಆಕ್ಷೇಪವೇ ಎದ್ದಿತು.

ಯಾರ ಹೆಸರು?

ಹೆಸರಿನ ವಿಷಯಕ್ಕೆ ಬಂದರೆ ನಮ್ಮ ಮನೆಯೊಳಗೂ ಒಂದು ತಕರಾರು ಇದೆ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಕಡೆ ತಯಾರಾಗುವ ಚಪ್ಪಲಿಗೂ ಲೋಕದಲ್ಲಿ ಕೊಲ್ಹಾಪುರಿ ಎಂದೇ ಹೆಸರು. ಕಾರಣ ಸರಳ. ಚಪ್ಪಲಿ ಹುಟ್ಟಿದ್ದು ಹಳ್ಳಿಗಳಲ್ಲಿ, ಮಾರಾಟವಾದದ್ದು ಪೇಟೆಯಲ್ಲಿ. ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಆಳ್ವಿಕೆಯಲ್ಲಿ ಈ ಕಸುಬಿಗೆ ಪ್ರೋತ್ಸಾಹ ಕೊಟ್ಟರು. 1902ರಲ್ಲಿ ಹಿಂದುಳಿದವರಿಗೆ ಅರ್ಧದಷ್ಟು ಸರ್ಕಾರಿ ಹುದ್ದೆ ಮೀಸಲಿಟ್ಟ ದೊರೆ ಅವರು, ಅವರ ಊರಿನ ಹೆಸರು ಚಪ್ಪಲಿಗೆ ಬಂದದ್ದರಲ್ಲಿ ನ್ಯಾಯವೂ ಇದೆ. ಆದರೆ 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದ ಮೇಲೂ ಅಥಣಿಯ ಚಪ್ಪಲಿ ಗಡಿಯಾಚೆಯ ಹೆಸರಿನಲ್ಲೇ ಮಾರಾಟವಾಯಿತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಾಗ ಅದು ಎರಡೂ ರಾಜ್ಯಗಳಿಗೆ ಸೇರಿ ಸಿಕ್ಕಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಒಂದು ಕಡೆ, ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಇನ್ನೊಂದು ಕಡೆ. ಆದರೂ 2025ರ ಗದ್ದಲದಲ್ಲಿ ಮೊದಲು ಕೇಳಿಸಿದ್ದು ಗಡಿಯಾಚೆಯ ದನಿ. ಸಚಿವ ಪ್ರಿಯಾಂಕ್ ಖರ್ಗೆಯವರು ಕರ್ನಾಟಕದ ಕುಶಲಕರ್ಮಿಗಳನ್ನೂ ಹೆಸರಿಸಿ ಎಂದು ನೆನಪಿಸಬೇಕಾಯಿತು.

ಈ ಮಾನ್ಯತೆ ಪ್ರಾಡಾವನ್ನು ತಡೆಯಲಿಲ್ಲವೇಕೆ ಎಂದು ಹಲವರು ಕೇಳಿದರು. 1999ರ ಕಾಯಿದೆ ಕಾಯುವುದು ಹೆಸರನ್ನು, ಆಕಾರವನ್ನಲ್ಲ. ಬೇರೆ ಕಡೆ ಮಾಡಿದ ಚಪ್ಪಲಿಗೆ ಕೊಲ್ಹಾಪುರಿ ಎಂದು ಹೆಸರಿಟ್ಟು ಮಾರಿದರೆ ಅದು ತಪ್ಪು. ಹೆಸರಿಡದೆ ಅದೇ ಆಕಾರದಲ್ಲಿ ಮಾಡಿದರೆ ಕಾಯಿದೆ ಸುಮ್ಮನಿರುತ್ತದೆ. ಅಂದರೆ ಹೆಸರು ಹೇಳದಿರುವುದು ಅಗೌರವವಾಗಿದ್ದರೂ ಕಾನೂನಿನ ಕಣ್ಣಿಗೆ ಅದೇ ಕ್ಷೇಮದ ದಾರಿ! ವಿನ್ಯಾಸಗಳ ಕಾಯಿದೆಯೂ ಹೊಸ ವಿನ್ಯಾಸಕ್ಕಷ್ಟೇ ರಕ್ಷಣೆ ಕೊಡುತ್ತದೆ. ತಲೆಮಾರುಗಳಷ್ಟು ಹಳೆಯದಾದದ್ದು ಎಲ್ಲರ ಸೊತ್ತು, ಅಂದರೆ ಬಲವುಳ್ಳವರ ಸೊತ್ತು. ಬಾಂಬೆ ಹೈಕೋರ್ಟ್ 2025ರ ಜುಲೈಯಲ್ಲಿ ವಕೀಲರು ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ತಳ್ಳಿಹಾಕುವಾಗ, ಮಾನ್ಯತೆ ಹೊಂದಿದವರೇ ನ್ಯಾಯ ಕೇಳಿ ಬರಬೇಕೆಂಬ ನಿಲುವು ತಾಳಿತು. ಹಾಗೆ ಬರಬೇಕಾದವರು ಲಿಡ್ಕಾಂ, ಲಿಡ್ಕರ್. ಅವರು ನ್ಯಾಯಾಲಯಕ್ಕೆ ಹೋಗುವ ಬದಲು ಒಪ್ಪಂದಕ್ಕೆ ಕೂತರು.

ಹೆಸರು ಕಳೆದುಕೊಂಡ ಕಸುಬಿನ ಗತಿ ಏನಾಗುತ್ತದೆಂಬುದಕ್ಕೆ ಕಾಶ್ಮೀರದ ಶಾಲು ಸಾಕ್ಷಿ. ನಾವು ಮಾವಿನಕಾಯಿ ಬುಟ್ಟಾ ಎನ್ನುವ ಆ ಬಾಗಿದ ಆಕೃತಿಯ ಶಾಲನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನೆಪೋಲಿಯನ್ನನ ಮಡದಿ ಜೋಸೆಫೀನ್ ಹೊದ್ದಳು, ಯುರೋಪಿನ ಸಿರಿವಂತ ಹೆಂಗಸರೆಲ್ಲ ಹೊದ್ದರು. ಸ್ಕಾಟ್ಲೆಂಡಿನ ಪೈಸ್ಲಿ ಎಂಬ ಊರಿನ ಮಗ್ಗಗಳು ಅದರ ಅಗ್ಗದ ನಕಲು ನೇಯ್ದವು. ಇವತ್ತು ಜಗತ್ತು ಆ ಆಕೃತಿಯನ್ನು ಪೈಸ್ಲಿ ಎಂದೇ ಕರೆಯುತ್ತದೆ. ಅತ್ತ ಶ್ರೀನಗರದಲ್ಲಿ ತೆರಿಗೆಯ ಹೊರೆ ತಾಳದೆ 1865ರ ಏಪ್ರಿಲ್‌ನಲ್ಲಿ ಬೀದಿಗಿಳಿದ ಶಾಲು ನೇಕಾರರ ಮೇಲೆ ಸೈನಿಕರು ಎರಗಿದರು, ಹಲವರು ಸತ್ತರು. 1870ರ ಯುದ್ಧದಲ್ಲಿ ಫ್ರಾನ್ಸ್ ಸೋತ ಮೇಲೆ ಶಾಲಿನ ಮಾರುಕಟ್ಟೆಯೇ ಕುಸಿಯಿತು. ವಿನ್ಯಾಸ ಅಮರವಾಯಿತು, ನೇಕಾರ ಹಸಿದ. ಒಂದು ವಿನ್ಯಾಸ ಬಾಳಿತೆಂದ ಮಾತ್ರಕ್ಕೆ ಅದನ್ನು ಮಾಡಿದವರು ಬಾಳಿದರೆಂದು ಅರ್ಥವಲ್ಲ.

ನಮ್ಮ ಅಂಗಳದಲ್ಲಿ

ಪ್ರಾಡಾವನ್ನು ಬಯ್ಯುವುದು ಸುಲಭ. ಬಯ್ದವರಲ್ಲಿ ಎಷ್ಟು ಜನ ಫುಟ್‌ಪಾತಿನ ಚಪ್ಪಲಿ ವ್ಯಾಪಾರಿಯ ಹತ್ತಿರ ಐವತ್ತು ರೂಪಾಯಿಗೆ ಚೌಕಾಸಿ ಮಾಡದೆ ಇದ್ದಾರೆ? ಸಮಗಾರನ ಮಗನಿಗೆ ಬಾಡಿಗೆ ಮನೆ ಕೊಟ್ಟಿದ್ದಾರೆ? ನಮ್ಮ ಮುಸ್ಲಿಂ 'ಬಿರಾದರಿ'ಗಳೂ ಇದಕ್ಕೆ ಹೊರತಲ್ಲ. ಮಸೀದಿಯ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರು ಮದುವೆಯ ಮಾತು ಬಂದಾಗ ಕಸುಬು ಕೇಳುತ್ತಾರೆ. ತೊಗಲು ಹದ ಮಾಡಿದವರ, ಕಸಾಯಿಗಳ, ದರ್ಜಿಗಳ ಮನೆಯ ಹೆಣ್ಣು ತರಲು ಷರೀಫರು ಹಿಂಜರಿಯುವುದು ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. 1809ರಲ್ಲಿ ಬ್ರಿಟಿಷರು ದಂಡು ಕಟ್ಟಿದ ಮೇಲೆ ಸೈನ್ಯದ ಬೂಟು, ಜೀನು, ಪಟ್ಟಿಗಳಿಗೆ ಚರ್ಮ ಬೇಕಿತ್ತು. ದಂಡಿನ ಟ್ಯಾನರಿ ರಸ್ತೆಯ ಹೆಸರಿನಲ್ಲೇ ಆ ಕಸುಬಿನ ಚರಿತ್ರೆ ಉಳಿದಿದೆ. ಆದರೆ ಅಲ್ಲಿ ದುಡಿದವರ ಚರಿತ್ರೆಯನ್ನು ಬರೆಯುವ ಉಮೇದು ಅವರ ಮೊಮ್ಮಕ್ಕಳಲ್ಲೂ ಕಾಣುವುದಿಲ್ಲ.

ಕಚ್ಚಾ ತೊಗಲಿನ ಕಥೆಯೂ ಇದರೊಂದಿಗೆ ಸೇರಿಕೊಂಡಿದೆ. 2015ರಲ್ಲಿ ಮಹಾರಾಷ್ಟ್ರ ಎತ್ತು ಹೋರಿಗಳ ವಧೆಯನ್ನೂ ನಿಷೇಧಿಸಿತು. ಕರ್ನಾಟಕದ 2020ರ ಕಾಯಿದೆ 2021ರಿಂದ ಜಾರಿಯಾಯಿತು. ಹದ ಮಾಡುವವರಿಗೆ ತೊಗಲು ಸಿಗುವುದು ಕಷ್ಟವಾಯಿತು, ಸಾಗಿಸುವವರಿಗೆ ಭಯ ಹೆಚ್ಚಿತು. ಇನ್ನೊಂದೆಡೆ ಬಕ್ರೀದಿನ ಕುರ್ಬಾನಿಯ ತೊಗಲನ್ನು ಮದರಸಾಗಳಿಗೆ ಕೊಡುವ ವಾಡಿಕೆಯಿದೆ. ಅದರ ಬೆಲೆ ಇತ್ತೀಚಿನ ವರ್ಷಗಳಲ್ಲಿ ಎಷ್ಟು ಬಿದ್ದಿತೆಂದರೆ ಹಲವೆಡೆ ಕೊಳ್ಳುವವರೇ ಇಲ್ಲದೆ ಮಣ್ಣಲ್ಲಿ ಹೂಳಬೇಕಾಯಿತು. ಇಲ್ಲಿ ತೊಗಲಿಗೆ ಬೆಲೆಯಿಲ್ಲ, ಅಲ್ಲಿ ಚಪ್ಪಲಿಗೆ 84 ಸಾವಿರ. ಈ ಎರಡರ ನಡುವಿನ ಹಣ ಯಾರ ಕಿಸೆಗೆ ಹೋಗುತ್ತದೆಂದು ಕೇಳದೆ ಫ್ಯಾಷನ್ನಿನ ಚರಿತ್ರೆ ಬರೆಯಲಾಗದು.

ಬೇರೆ ದಾರಿಯಿಲ್ಲವೆಂದಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಅಸೆಂಟ್ ಸಂಸ್ಥೆ ಅಥಣಿಗೆ ಹೋಗಿ ಸಮಗಾರ ಹೆಂಗಸರ ಸ್ವಸಹಾಯ ಗುಂಪುಗಳನ್ನು ಕಟ್ಟಿತು. ಅದುವರೆಗೆ ಮನೆಗೆಲಸದ ಲೆಕ್ಕಕ್ಕೇ ಸೇರಿಹೋಗುತ್ತಿದ್ದ ಅವರ ಹೆಣಿಗೆ, ಹೊಲಿಗೆಗೆ ಕೂಲಿ ಎಂಬುದು ಬಂತು. 'ಟೋಹೋಲ್ಡ್' ಎಂಬ ಹೆಸರಿನಲ್ಲಿ ಆ ಚಪ್ಪಲಿಗಳು ಹೊರದೇಶಕ್ಕೂ ಹೋದವು. ನಮ್ಮ ಜೋಗುಪಾಳ್ಯಕ್ಕೆ ದೂರವಲ್ಲದ ವಿಕ್ಟೋರಿಯಾ ಲೇಔಟಿನಲ್ಲಿ ಇನ್ನೊಂದು ಉದಾಹರಣೆಯಿದೆ. 1974ರಲ್ಲಿ ಚಿಮ್ಮಿ ನಂಜಪ್ಪ ಮತ್ತು ಅವರ ಮಗಳು ಪವಿತ್ರಾ ಮುದ್ದಯ್ಯ ಆರಂಭಿಸಿದ ವಿಮೋರ್ ಎಂಬ ಕೈಮಗ್ಗದ ಮನೆ. ಹಳೆಯ ಸೀರೆಗಳ ವಿನ್ಯಾಸವನ್ನು ಹುಡುಕಿ, ತಿದ್ದಿ, ನೇಕಾರರಿಗೆ ಕಲಿಸಿದರು. ಹಾಗೆ ಕಲಿಸಿದ್ದನ್ನು ನೇಕಾರರು ಬೇರೆ ವ್ಯಾಪಾರಿಗಳಿಗೂ ನೇಯ್ದು ಕೊಡುವುದನ್ನು ಅವರು ತಡೆಯಲಿಲ್ಲ. ವಿನ್ಯಾಸ ಹರಡಿದಷ್ಟೂ ಹೆಚ್ಚು ಮಗ್ಗ ನಡೆಯುತ್ತದೆಂಬುದು ಅವರ ನಂಬಿಕೆ. ಈ ಮನೆಯ ಸೀರೆಗಳು ರ‍್ಯಾಂಪಿನ ಚಪ್ಪಾಳೆಗಾಗಿ ಕಾಯಲಿಲ್ಲ. ನಕಲನ್ನು ಕಳ್ಳತನವೆನ್ನಬೇಕೋ ಹಂಚಿಕೆಯೆನ್ನಬೇಕೋ ಎಂಬುದು ಅದರಿಂದ ಯಾರ ಮಗ್ಗ ನಡೆಯಿತು ಎಂಬುದರ ಮೇಲೆ ನಿಂತಿದೆ.

ತೀರ್ಪು

ಈಗ ಪ್ರಾಡಾ ಸಂಗ್ರಹದ ಬಗ್ಗೆ ನಮ್ಮ ಮಾತು. ನೋಟದ ದೃಷ್ಟಿಯಿಂದ ಅದು ಒಳ್ಳೆಯ ಸಂಗ್ರಹ. ಗಂಡಸಿನ ಉಡುಪನ್ನು ಹಗುರಗೊಳಿಸುವ ಅದರ ಯತ್ನ ಮುಂದಿನ ಕೆಲವು ವರ್ಷ ಬೇರೆಯವರ ಅಂಗಡಿಗಳಲ್ಲೂ ಕಾಣಿಸಬಹುದು. ಆದರೆ ಜನ ನೆನಪಿಟ್ಟಿರುವುದು ಅದರ ಚಪ್ಪಲಿಯನ್ನು, ಆ ಚಪ್ಪಲಿಗೆ ಪ್ರಾಡಾ ಸೇರಿಸಿದ್ದು ತೀರ ಕಡಿಮೆ. 1960, 70ರ ದಶಕಗಳಲ್ಲೇ ಹಿಪ್ಪಿಗಳು ಇಂಥ ಚಪ್ಪಲಿ ಮೆಟ್ಟಿ ಪಶ್ಚಿಮದ ಬೀದಿಗಳಲ್ಲಿ ಓಡಾಡಿದ್ದರು. ಹಾಗಾಗಿ ಪ್ರಭಾವದ ಮಾತಾಡುವುದೇ ಆದರೆ, 2025ರ ಜೂನ್ 22ರಂದು ಪ್ರಭಾವ ಬೀರಿದ್ದು ಅಥಣಿ, ಕೊಲ್ಹಾಪುರ. ಪ್ರಭಾವಕ್ಕೆ ಒಳಗಾದದ್ದು ಮಿಲಾನ್.

ಇದರಿಂದ ಲಾಭವೇ ಆಗಲಿಲ್ಲವೆಂದು ಹೇಳಲಾಗದು. ಗದ್ದಲದ ದಿನಗಳಲ್ಲಿ ಕೊಲ್ಹಾಪುರಿ ಚಪ್ಪಲಿಯ ಮಾರಾಟ ಏರಿತೆಂದು ವ್ಯಾಪಾರಿಗಳು ಹೇಳಿದರು. ಸಾವಿರ ರೂಪಾಯಿಯ ಆಸುಪಾಸಿನ ಚಪ್ಪಲಿಯನ್ನು ಹೀಯಾಳಿಸುತ್ತಿದ್ದವರು ಅದೇ ಚಪ್ಪಲಿಯನ್ನು ಹೆಮ್ಮೆಯಿಂದ ಮೆಟ್ಟತೊಡಗಿದರು. ಒಪ್ಪಂದದಲ್ಲಿ ಕುಶಲಕರ್ಮಿಗಳಿಗೆ ತರಬೇತಿ ಕೊಡುವ ಮಾತೂ ಇದೆ. 2,000 ಜೊತೆಯೂ ಘೋಷಿಸಿದ ಬೆಲೆಗೆ ಮಾರಾಟವಾದರೆ ಒಟ್ಟು 16 ಲಕ್ಷ ಯೂರೋ, ಸುಮಾರು 17 ಕೋಟಿ ರೂಪಾಯಿ. ಲಿಡ್ಕರ್ 1976ರಲ್ಲಿ ಹುಟ್ಟಿದ್ದೇ ಈ ಕಸುಬಿನವರ ಏಳಿಗೆಗಾಗಿ. ಆದ್ದರಿಂದ ಈ ಹಣದಲ್ಲಿ ಹದ ಮಾಡಿದವರಿಗೆ ಎಷ್ಟು, ತಳ ಕತ್ತರಿಸಿದವರಿಗೆ ಎಷ್ಟು, ಜಡೆ ಹೆಣೆದ ಹೆಣ್ಣುಮಕ್ಕಳಿಗೆ ಎಷ್ಟು ಎಂಬ ಲೆಕ್ಕವನ್ನು ಅದು ಜನರ ಮುಂದಿಡಬೇಕು. ಪ್ರಾಡಾದ ಮೊಹರಿನ ಪಕ್ಕದಲ್ಲೇ ಊರಿನ ಹೆಸರನ್ನೂ, ಹೊಲಿದವರ ಹೆಸರನ್ನೂ ತಳದ ಮೇಲೆ ಒತ್ತಿಸಬೇಕು. ತೊಗಲಿನ ಮೇಲೆ ಹೆಸರು ಒತ್ತಲು ಹೆಚ್ಚು ಖರ್ಚೇನೂ ಆಗುವುದಿಲ್ಲ.

ಹತ್ತು ವರ್ಷಗಳ ನಂತರ ಈ ಸಂಗ್ರಹದ ಪ್ರಭಾವವನ್ನು ಅಳೆಯಲು ಹೊರಡುವವರು ಮಿಲಾನಿನ ಸಂಗ್ರಹಾಲಯಕ್ಕೆ ಹೋಗಬೇಕಾಗಿಲ್ಲ. ಅಥಣಿಗೆ ಹೋಗಲಿ. ಅಲ್ಲಿ ಓದು ಮುಗಿಸಿದ ಹುಡುಗ ಹುಡುಗಿಯರು ಬೇರೆ ದಾರಿಯಿಲ್ಲದೆ ಉಳಿ ಹಿಡಿದಿದ್ದಾರೋ, ಕೈತುಂಬ ಕೂಲಿ ಸಿಗುತ್ತದೆಂದು ಹಿಡಿದಿದ್ದಾರೋ, ಅದನ್ನು ಕೇಳಿಕೊಂಡು ಬರಲಿ.